ಸೋರೆಬುರುಡೆಯ ವಂಶದ ಗಿಟಾರು

ಕರೆಂಟು ಹೋದಾಗ ರಾತ್ರಿ ಎಂಟೂವರೆ. ಏಪ್ರಿಲ್ ತಿಂಗಳು, ಹುಮನಾಬಾದಿನ ಗೋಡೆಗಳು ಆ ಹೊತ್ತಿನಲ್ಲೂ ಹಗಲಿನ ಕಾವನ್ನು ಉಗುಳುತ್ತಲೇ ಇರುತ್ತವೆ. ಹೈದರಾಬಾದಿನಿಂದ ಬಂದಿದ್ದ ತಮ್ಮನ ಮಗ ಪಡಸಾಲೆಯಲ್ಲಿ ಕೂತು ಗಿಟಾರು ನುಡಿಸುತ್ತಿದ್ದ. ಫ್ಯಾನು ನಿಂತಿತು, ಓಣಿಯ ಗಿರಣಿ ನಿಂತಿತು, ಅವನ ಪಕ್ಕದಲ್ಲಿದ್ದ ಆಂಪ್ಲಿಫೈಯರಿನ ಕೆಂಪು ದೀಪ ಆರಿತು. ಎಲೆಕ್ಟ್ರಿಕ್ ಗಿಟಾರಿನ ಕಥೆಯೂ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನು ಕೈ ನಿಲ್ಲಿಸಲಿಲ್ಲ. ಕತ್ತಲಲ್ಲಿ ಅದೇ ಸ್ವರಗಳು ಮುಂದುವರಿದವು. ಸದ್ದು ಸಣ್ಣದು, ಆದರೆ ಪೂರ್ತಿ. ಮರದ ಪೆಟ್ಟಿಗೆಯೊಳಗೆ ಯಾರೋ ತಗ್ಗಿದ ದನಿಯಲ್ಲಿ ಮಾತಾಡಿದ ಹಾಗೆ.

"ಕಾಕಾ, ಕರೆಂಟ್ ಹೋದ್ರೂ ಇದು ಹಾಡ್ತದ ನೋಡ್ರಿ. ಒಳಗ ಟೊಳ್ಳು ಅದ."

ಟೊಳ್ಳು ಎಂಬುದು ನಮ್ಮಲ್ಲಿ ಹೊಗಳಿಕೆಯ ಮಾತಲ್ಲ. ಟೊಳ್ಳು ಮಾತು, ಟೊಳ್ಳು ಮನುಷ್ಯ ಅನ್ನುತ್ತೇವೆ. ತೊಗರಿ ರಾಶಿ ಮಾಡುವವನು ಜೊಳ್ಳನ್ನು ಗಾಳಿಗೆ ತೂರಿ ಗಟ್ಟಿಯನ್ನು ಮನೆಗೆ ತರುತ್ತಾನೆ. ವಾದ್ಯ ಮಾಡುವವನ ಲೆಕ್ಕ ಮಾತ್ರ ತಿರುಗುಮುರುಗು. ಅವನು ಗಟ್ಟಿಯನ್ನು ಕೊರೆದು ತೆಗೆದು ಟೊಳ್ಳನ್ನು ಉಳಿಸಿಕೊಳ್ಳುತ್ತಾನೆ. ತಂಬೂರಿಗೆ ಬೇಕಾದ ಸೋರೆಬುರುಡೆಯ ತಿರುಳನ್ನೆಲ್ಲ ಕೆರೆದು ಚೆಲ್ಲಿ, ಬರಿಯ ಚಿಪ್ಪನ್ನು ಒಣಗಿಸಿ ಇಡುತ್ತಾನೆ. ಪಂಢರಪುರದ ಸುತ್ತಲ ಹೊಲಗಳಲ್ಲಿ ಬೆಳೆಯುವ ಈ ಕಹಿಸೋರೆ ಮಿರಜಿನ ಕುಶಲಿಗರ ಕೈಗೆ ಹೋಗಿ ತಂಬೂರಿಯಾಗುತ್ತದೆ, ಸಿತಾರಾಗುತ್ತದೆ. ನಮ್ಮ ಮನೆಯ ಮೂಲೆಯಲ್ಲಿರುವ ಅಜ್ಜನ ತಂಬೂರಿಯೂ ಮಿರಜಿನದೇ.

ಮರುದಿನ ಬೆಳಿಗ್ಗೆ ಆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸಾವಕಾಶ ನೋಡಿದೆ. ಗಿಬ್ಸನ್ ಕಂಪನಿ 1949ರಲ್ಲಿ ತಂದ ಇಎಸ್-175 ಎಂಬ ಗಿಟಾರಿನ ಪಡಿಯಚ್ಚಿನಲ್ಲಿ ಮಾಡಿದ್ದು. ಅಗಲ ಹದಿನಾರು ಇಂಚಿನ ಮೇಲೆ, ದಪ್ಪ ಮೂರು ಇಂಚಿಗಿಂತ ತುಸು ಹೆಚ್ಚು. ಎದೆಯ ಹಲಗೆ ಚಪ್ಪಟೆಯಲ್ಲ, ಪಿಟೀಲಿನ ಹಾಗೆ ನಡುವೆ ಉಬ್ಬಿ ಅಂಚಿಗೆ ಇಳಿಯುತ್ತದೆ. ಗುಂಡನೆಯ ಒಂದೇ ಬಾಯಿಯ ಬದಲು ಎರಡು ಕಡೆ ಎರಡು ಸೀಳು. ಅವೂ ಪಿಟೀಲಿನವೇ, ಇಂಗ್ಲಿಷಿನ ಎಫ್ ಅಕ್ಷರದಂತೆ ಬಳುಕಿದವು. ತಂತಿ ಹೊರುವ ಬ್ರಿಜ್ಜಿನ ಮರದ ಅಡಿಪಟ್ಟಿಯನ್ನು ಅಂಟು ಹಾಕಿ ಕೂರಿಸಿಲ್ಲ. ತಂತಿಗಳ ಒತ್ತಡವೊಂದೇ ಅದನ್ನು ಹಿಡಿದಿರುವುದು. ಎಲ್ಲ ತಂತಿ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಬೆರಳ ಗೆಣ್ಣಿನಿಂದ ಎದೆಯ ಮೇಲೆ ಮೆಲ್ಲಗೆ ತಟ್ಟಿದೆ. ಹಣ್ಣಾದ ಕಲ್ಲಂಗಡಿ ತಟ್ಟಿದಾಗ ಬರುವಂಥ ದನಿ. ಸೀಳಿಗೆ ಮೂಗು ಹತ್ತಿರ ತಂದರೆ ಹಳೆಯ ಬೀರುವಿನ ವಾಸನೆ.

ಉಬ್ಬಿದೆದೆಯ ಈ ರೂಪ ಅಮೆರಿಕೆಯ ಮಿಷಿಗನ್ ರಾಜ್ಯದ ಕಾಲಮಜೂ ಎಂಬ ಊರಿನದು. ಆರ್ವಿಲ್ ಗಿಬ್ಸನ್ 1890ರ ದಶಕದಲ್ಲಿ ಪಿಟೀಲು ಕೆತ್ತಿದ ಹಾಗೆ ಮ್ಯಾಂಡೊಲಿನ್ನನ್ನೂ ಗಿಟಾರನ್ನೂ ಕೆತ್ತಲು ಶುರುಮಾಡಿದ. ಅವನ ಹೆಸರಿನ ಕಂಪನಿಯಲ್ಲಿದ್ದ ಲಾಯ್ಡ್ ಲೋರ್ 1922ರಲ್ಲಿ ಎಲ್-5 ಎಂಬ ಗಿಟಾರಿಗೆ ಆ ಎರಡು ಸೀಳುಗಳನ್ನು ಕೊಟ್ಟ. ವಿದ್ಯುತ್ತು ಬಂದದ್ದು ಆಮೇಲೆ. 1936ರಲ್ಲಿ ಇಎಸ್-150 ಬಂತು. ಉದ್ದನೆಯ ಅಯಸ್ಕಾಂತ, ಜೊತೆಗೆ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತಿನ ಸುರುಳಿ ಇರುವ ಪಿಕಪ್. ಉಕ್ಕಿನ ತಂತಿ ಅದರ ಮೇಲೆ ಅದುರಿದರೆ ಸುರುಳಿಯಲ್ಲಿ ಇಷ್ಟೇ ಇಷ್ಟು ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರು ಅದನ್ನು ದೊಡ್ಡದು ಮಾಡುತ್ತದೆ. ಗಿಟಾರು, ಆಂಪ್ಲಿಫೈಯರು, ವೈರು ಎಲ್ಲ ಸೇರಿ 150 ಡಾಲರು. ಹೆಸರಿನಲ್ಲಿರುವ ಅಂಕಿ ಅದೇ.

ಈ ಗಿಟಾರು ಪರದೇಶದ್ದು, ನಿಜ. ಆದರೂ ಅದನ್ನು ತೊಡೆಯ ಮೇಲಿಟ್ಟುಕೊಂಡ ಆ ಬೆಳಿಗ್ಗೆ ನನ್ನ ನೆನಪು ಮೊದಲು ಹೋದದ್ದು ಕಾಲಮಜೂವಿಗಲ್ಲ, ಬಸವಕಲ್ಯಾಣಕ್ಕೆ. ಇಲ್ಲಿಂದ ಮುಕ್ಕಾಲು ಗಂಟೆಯ ದಾರಿ. ಅಲ್ಲಿಯ ತ್ರಿಪುರಾಂತಕ ಕೆರೆಯ ದಂಡೆಗೆ ಹೋದಾಗಲೆಲ್ಲ ಕಿನ್ನರಿ ಬೊಮ್ಮಯ್ಯನ ನೆನಪಾಗುತ್ತದೆ. ಆಂಧ್ರದ ಕಡೆಯಿಂದ ಬಂದ ಅಕ್ಕಸಾಲಿಗ, ಹನ್ನೆರಡನೆಯ ಶತಮಾನದ ಶರಣ. ತ್ರಿಪುರಾಂತಕ ದೇವರ ಮುಂದೆ ಕಿನ್ನರಿ ನುಡಿಸುವುದನ್ನೇ ಕಾಯಕ ಮಾಡಿಕೊಂಡವನು. ಕಿನ್ನರಿಯೆಂದರೆ ಏನು? ಒಂದು ದಂಡಿ, ದಂಡಿಯ ಮೇಲೆ ಮೇಣದಿಂದ ಕೂರಿಸಿದ ಮೆಟ್ಟಿಲುಗಳು, ತಂತಿ, ಕೆಳಗೆ ಟೊಳ್ಳು ಸೋರೆಬುರುಡೆಗಳು. ಎಡಗೈ ಬೆರಳು ಮೆಟ್ಟಿಲ ಮೇಲೆ ತಂತಿ ಒತ್ತುತ್ತದೆ, ಬಲಗೈ ಮೀಟುತ್ತದೆ, ಬುರುಡೆಯೊಳಗಿನ ಗಾಳಿ ಹೂಂಗುಟ್ಟುತ್ತದೆ. ಗಿಟಾರು ಮಾಡುವುದೂ ಇಷ್ಟೇ. ಬೊಮ್ಮಯ್ಯನಿಗಿಂತ ಒಂದು ತಲೆಮಾರು ಹಿಂದೆ ಇದೇ ಕಲ್ಯಾಣದಲ್ಲಿ ಆಳಿದ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಹೇಳುವಾಗ ಗೀತಕ್ಕೊಂದು, ವಾದ್ಯಕ್ಕೊಂದು ಅಧ್ಯಾಯ ಇಟ್ಟ. ಅವನ ಮಗ ಜಗದೇಕಮಲ್ಲ 'ಸಂಗೀತ ಚೂಡಾಮಣಿ' ಬರೆದ. ಬಸವಣ್ಣನವರು ತಮ್ಮ ಮೈಯನ್ನೇ ತಂತಿವಾದ್ಯವಾಗಿ ಮಾಡಿಕೊ ಎಂದು ಕೂಡಲಸಂಗನನ್ನು ಬೇಡಿದ್ದನ್ನು ಅರಿಯದ ಕನ್ನಡಿಗನಿಲ್ಲ. ಅವರ ಕಣ್ಣ ಮುಂದೆ, ಕಿವಿಯ ಹತ್ತಿರ, ಅಂಥ ವಾದ್ಯ ದಿನವೂ ಇತ್ತು. ಮೈಯನ್ನು ವಾದ್ಯ ಮಾಡಬೇಕಾದರೆ ಮೊದಲು ಒಳಗಿನ ತಿರುಳು ಖಾಲಿಯಾಗಬೇಕು ಎಂಬುದು ಸೋರೆಬುರುಡೆ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಜೆಗೆ ಕರೆಂಟು ಬಂತು. ಹುಡುಗ ಒಂದೊಂದೇ ಶೈಲಿ ನುಡಿಸಿ ತೋರಿಸಿದ. ಮೊದಲು ಜಾಜ್.

ಜಾಜ್‌ನಲ್ಲಿ ಗಿಟಾರಿಗೆ ಬಾಯಿ ಬಂದದ್ದೇ ಇಂಥ ಗಿಟಾರಿನಿಂದ. ಅದಕ್ಕಿಂತ ಮುಂಚೆ ದೊಡ್ಡ ವಾದ್ಯಮೇಳಗಳ ತುತ್ತೂರಿ, ಸ್ಯಾಕ್ಸೊಫೋನುಗಳ ಅಬ್ಬರದ ನಡುವೆ ಗಿಟಾರಿನವನು ತಾಳಕ್ಕೆ ತಕ್ಕಂತೆ ತಂತಿ ಕೊಚ್ಚುತ್ತ ಹಿಂದೆ ಕೂತಿರುತ್ತಿದ್ದ. 1939ರಲ್ಲಿ ಬೆನ್ನಿ ಗುಡ್‌ಮನ್‌ರ ತಂಡಕ್ಕೆ ಸೇರಿದ ಚಾರ್ಲಿ ಕ್ರಿಶ್ಚಿಯನ್, ಇಎಸ್-150 ಹಿಡಿದು ಸ್ಯಾಕ್ಸೊಫೋನಿನವರ ಹಾಗೆ ಒಂದೊಂದೇ ಸ್ವರದ ಉದ್ದುದ್ದ ಸಾಲುಗಳನ್ನು ನುಡಿಸಿದ. ಕ್ಷಯ ಅವನನ್ನು 1942ರಲ್ಲಿ ಒಯ್ದಿತು. ವಯಸ್ಸು ಇಪ್ಪತ್ತೈದು. ಇಎಸ್-150ರ ಪಿಕಪ್ಪನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಅವನ ಧ್ವನಿಮುದ್ರಣ ಕೇಳುವಾಗ ನನಗೆ ಹಿಡಿಸುವುದು ವೇಗವಲ್ಲ, ಪ್ರತಿ ಸ್ವರದ ಮೊದಲ ಕ್ಷಣ. ಮರದ ಮೇಲೆ ಮರದ ಸುತ್ತಿಗೆ ಬಿದ್ದಂಥ ಚಿಕ್ಕ 'ಟಕ್', ಆಮೇಲೆ ದುಂಡನೆಯ ನಾದ, ಅಷ್ಟೇ ಬೇಗ ಇಳಿತ. ಗಟ್ಟಿ ಹಲಗೆಯ ಗಿಟಾರಿನಲ್ಲಿ ತಂತಿಯ ಶಕ್ತಿ ತಂತಿಯಲ್ಲೇ ಉಳಿಯುತ್ತದೆ, ಸ್ವರ ಹೊತ್ತುಹೊತ್ತು ನಿಲ್ಲುತ್ತದೆ. ಟೊಳ್ಳು ಗಿಟಾರಿನಲ್ಲಿ ತಂತಿ ತನ್ನ ಶಕ್ತಿಯನ್ನು ಎದೆಹಲಗೆಗೆ ಕೊಟ್ಟುಬಿಡುತ್ತದೆ. ಹಲಗೆ ಅದನ್ನು ಗಾಳಿಗೆ ಕೊಡುತ್ತದೆ. ಸ್ವರ ಅರಳುವುದೂ ಬೇಗ, ಬಾಡುವುದೂ ಬೇಗ. ಮನುಷ್ಯನ ಮಾತಿನ ಅಕ್ಷರಗಳೂ ಹಾಗೆಯೇ ತಾನೆ? ಈ ಗಿಟಾರು ಹಾಡುವುದಕ್ಕಿಂತ ಮಾತಾಡುತ್ತದೆ ಅನ್ನಿಸುವುದು ಇದಕ್ಕೇ.

ಅದೇ ಮಾತಿನ ಗುಣ ಕೈಯಿಂದ ಕೈಗೆ ಬೇರೆಯಾಗುವುದನ್ನು ವೆಸ್ ಮಾಂಟ್‌ಗೊಮರಿಯ ಬಳಿ ಕೇಳಬೇಕು. ಪ್ಲಾಸ್ಟಿಕ್ ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸದಿಂದ ಮೀಟುತ್ತಿದ್ದವನು ಅವನು. ಒಂದೇ ಸ್ವರವನ್ನು ಎರಡು ಸ್ಥಾಯಿಗಳಲ್ಲಿ ಒಟ್ಟಿಗೆ ಹಿಡಿದು ರಾಗವನ್ನು ನಡೆಸುತ್ತಿದ್ದ. ಕೈಯಲ್ಲಿ ಎಲ್-5. ಬೆಣ್ಣೆ ಸವರಿದ ಬಿಸಿ ರೊಟ್ಟಿಯ ಮೇಲೆ ಬೆರಳಿಟ್ಟಂತೆ ಆ ಧ್ವನಿ.

ಹುಡುಗ ಆಂಪ್ಲಿಫೈಯರಿನ ಗುಂಡಿ ಒಂದಿಷ್ಟು ಮೇಲಕ್ಕೆ ತಿರುಗಿಸಿದ. ಈಗ ಬ್ಲೂಸ್. ಅದೇ ಗಿಟಾರು, ಅದೇ ತಂತಿ. ದನಿಯ ಅಂಚು ತುಸು ಬಿರಿಯಿತು, ಅಳುವಿನ ಮೊದಲು ಗಂಟಲು ಕಟ್ಟುವ ಹಾಗೆ. 1949ರ ಚಳಿಗಾಲದಲ್ಲಿ ಅಮೆರಿಕೆಯ ಆರ್ಕನ್ಸಾಸ್ ರಾಜ್ಯದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆಯೊಂದರಲ್ಲಿ ಬಿ.ಬಿ. ಕಿಂಗ್ ನುಡಿಸುತ್ತಿದ್ದಾಗ ಇಬ್ಬರು ಗುದ್ದಾಡಿ, ಚಳಿ ಕಾಯಿಸಲು ಇಟ್ಟಿದ್ದ ಸೀಮೆಎಣ್ಣೆಯ ಪೀಪಾಯಿ ಉರುಳಿ ಮನೆಗೆ ಬೆಂಕಿ ಬಿತ್ತು. ಹೊರಗೋಡಿದ ಕಿಂಗ್ ಗಿಟಾರು ಒಳಗೇ ಉಳಿಯಿತೆಂದು ಮತ್ತೆ ಬೆಂಕಿಗೆ ನುಗ್ಗಿ ತಂದ. ಜಗಳ ಹುಟ್ಟಿದ್ದು ಲೂಸಿಲ್ ಎಂಬ ಹೆಂಗಸಿನ ಸಲುವಾಗಿ ಎಂದು ಮರುದಿನ ಗೊತ್ತಾಯಿತು. ಅಂದಿನಿಂದ ಅವನ ಗಿಟಾರುಗಳಿಗೆಲ್ಲ ಲೂಸಿಲ್ ಎಂದೇ ಹೆಸರು.

ಇನ್ನುಳಿದ ಶೈಲಿಗಳನ್ನು ಅವನು ಬೇಗಬೇಗ ಸುತ್ತಿ ಬಂದ, ನಾನೂ ಬೇಗ ಹೇಳಿ ಮುಗಿಸುತ್ತೇನೆ. 1954ರಲ್ಲಿ ಎಲ್ವಿಸ್ ಪ್ರೀಸ್ಲಿಯ ಮೊದಲ ಹಾಡುಗಳಿಗೆ ಸ್ಕಾಟಿ ಮೂರ್ ನುಡಿಸಿದ್ದು ಟೊಳ್ಳು ಗಿಟಾರು. ಹಳ್ಳಿಗಾಡಿನ ಕಂಟ್ರಿ ಸಂಗೀತದ ಚೆಟ್ ಆಟ್ಕಿನ್ಸ್ ಹೆಬ್ಬೆರಳಲ್ಲಿ ಕೆಳತಂತಿಯ ನಡಿಗೆ, ಉಳಿದ ಬೆರಳಲ್ಲಿ ಮೇಲಿನ ಹಾಡು ಎರಡನ್ನೂ ಒಟ್ಟಿಗೆ ಹೊರಡಿಸಿದ್ದು ಗ್ರೆಚ್ ಕಂಪನಿಯ ಟೊಳ್ಳು ಗಿಟಾರಿನಲ್ಲಿ. ಬೀಟಲ್ಸ್ ತಂಡದ ಜಾನ್ ಲೆನನ್ ತನ್ನ ಎಪಿಫೋನ್ ಕಸೀನೊ ಗಿಟಾರಿನ ಬಣ್ಣವನ್ನೆಲ್ಲ ಉಜ್ಜಿ ತೆಗೆಸಿ, ಬರಿಯ ಮರದ ಮೈಯ ಆ ಗಿಟಾರನ್ನೇ 1969ರ ಜನವರಿ 30ರಂದು ಲಂಡನ್ನಿನ ಮಾಳಿಗೆಯ ಮೇಲೆ ನುಡಿಸಿದ. ಯೆಸ್ ತಂಡದ ಸ್ಟೀವ್ ಹೌ ಜಾಜ್‌ನವರ ಸೊತ್ತಾಗಿದ್ದ ಇಎಸ್-175ನ್ನು ರಾಕ್ ಸಂಗೀತದ ನಡುಮನೆಗೇ ತಂದ. ನನ್ನ ಒತ್ತಾಯಕ್ಕೆ ಹುಡುಗ ನಮ್ಮ ಸಿನಿಮಾ ಹಾಡುಗಳನ್ನೂ ನುಡಿಸಿದ. 1968ರ 'ಜೇಡರ ಬಲೆ'ಯ ಕಾಲದ ಜಿ.ಕೆ. ವೆಂಕಟೇಶ್ ಅವರ ರಾಗಗಳಲ್ಲಿ ಜಾಜ್ ಕ್ಲಬ್ಬಿನ ಗಾಳಿ ಇದೆ. ಟೊಳ್ಳು ಗಿಟಾರಿಗೆ ಅವು ಹೇಳಿ ಮಾಡಿಸಿದಂತೆ ಹೊಂದಿದವು. ಇಳಯರಾಜಾ ಮುಂದೆ ಅಷ್ಟು ದೊಡ್ಡವರಾಗುವ ಮೊದಲು ಗಿಟಾರು ಹಿಡಿದು ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದರು ಎಂಬುದನ್ನು ಹುಡುಗನಿಗೆ ಹೇಳಿದೆ. ಅವನಿಗೆ ಗೊತ್ತಿರಲಿಲ್ಲ. ಕಣ್ಣರಳಿಸಿದ.

ಆಗ ಗಿಟಾರು ಕೂಗಿಕೊಂಡಿತು. ಅವನು ಸದ್ದು ಹೆಚ್ಚಿಸಿ ಆಂಪ್ಲಿಫೈಯರಿನ ಕಡೆ ತಿರುಗಿದ್ದೇ ತಡ, ಕೆಳತಂತಿಯಿಂದ 'ಹೂಂ' ಎಂದು ಶುರುವಾದ ಗುಂಗು ತಾನೇ ತಾನಾಗಿ ಬೆಳೆದು ಇಡೀ ಪಡಸಾಲೆ ತುಂಬಿತು. ಅಡುಗೆಮನೆಯಿಂದ ಅವ್ವ ಓಡಿಬಂದಳು. ಜಾತ್ರೆಯ ಮೈಕು ಕೂಗುವುದೂ ಇದೇ ಕಾರಣಕ್ಕೆ. ಆಂಪ್ಲಿಫೈಯರಿನಿಂದ ಬಂದ ಸದ್ದು ಗಿಟಾರಿನ ತೆಳ್ಳನೆಯ ಎದೆಗೆ ಬಡಿಯುತ್ತದೆ, ಎದೆ ತಂತಿಯನ್ನು ಅಲುಗಿಸುತ್ತದೆ, ಪಿಕಪ್ಪು ಅದನ್ನೆತ್ತಿ ಮತ್ತೆ ಆಂಪ್ಲಿಫೈಯರಿಗೆ ಕೊಡುತ್ತದೆ. ಗಾಣದ ಎತ್ತಿನ ಹಾಗೆ ಸದ್ದು ಸುತ್ತುತ್ತಲೇ ಇರುತ್ತದೆ.

ಟೊಳ್ಳು ಗಿಟಾರಿನ ಇತಿಹಾಸದ ಅರ್ಧ ಭಾಗ ಈ ಕೂಗಿನೊಂದಿಗೆ ನಡೆಸಿದ ಸಂಧಾನ. ಗಿಟಾರುವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕಿಂಚು ಚೌಕದ ಮರದ ದಿಮ್ಮಿಗೇ ತಂತಿ ಬಿಗಿದು, ಕಂಡವರಿಗೆ ಗಿಟಾರೆನಿಸಲೆಂದು ಎಪಿಫೋನ್ ಗಿಟಾರೊಂದನ್ನು ಸೀಳಿ ಎರಡು ಬದಿಗೆ ರೆಕ್ಕೆಯಂತೆ ಜೋಡಿಸಿದ. ಗಟ್ಟಿ ಹಲಗೆಯ ಗಿಟಾರುಗಳು ಆಮೇಲೆ ಲೋಕವನ್ನೇ ಗೆದ್ದವು. 1958ರಲ್ಲಿ ಗಿಬ್ಸನ್ನಿನವರು ನಡುದಾರಿ ಹುಡುಕಿ ಇಎಸ್-335 ತಂದರು: ಎರಡು ಬದಿ ಟೊಳ್ಳು, ನಟ್ಟನಡುವೆ ಮೇಪಲ್ ಮರದ ಗಟ್ಟಿ ತುಂಡು. ಬಿ.ಬಿ. ಕಿಂಗ್ ಹೆಸರಿನಲ್ಲಿ 1980ರಲ್ಲಿ ಬಂದ ಲೂಸಿಲ್ ಗಿಟಾರಿಗೆ ಸೀಳುಗಳೇ ಇಲ್ಲ, ಮುಚ್ಚಿಬಿಟ್ಟರು. ಪೂರ್ತಿ ಟೊಳ್ಳು ಗಿಟಾರಿನವರು ಸೀಳಿನೊಳಗೆ ಬಟ್ಟೆಯನ್ನೋ ಸ್ಪಂಜನ್ನೋ ತುರುಕುವುದುಂಟು. ಆದರೆ ಎಲ್ಲಕ್ಕಿಂತ ಚೆಂದದ ಉಪಾಯ ಹುಡುಗ ಅಂದು ಮಾಡಿದ್ದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದ, ಭುಜ ತುಸು ಓರೆ ಮಾಡಿದ, ಅಂಗೈಯನ್ನು ತಂತಿಗಳ ಮೇಲೆ ಮಲಗಿಸಿದ. ಕೂಗು ತಣ್ಣಗಾಯಿತು. ಆಮೇಲೆ ಅವನೇ ಬೇಕೆಂದು ಒಂದು ಸ್ವರ ಹಿಡಿದು, ಆಂಪ್ಲಿಫೈಯರಿಗೆ ಎಷ್ಟು ಬೇಕೋ ಅಷ್ಟೇ ಮುಖ ಮಾಡಿ ನಿಂತ. ಮೀಟು ಮುಗಿದು ಎಷ್ಟೋ ಹೊತ್ತಾದರೂ ಸ್ವರ ಆರಲಿಲ್ಲ. ಹೊಸ್ತಿಲಲ್ಲಿ ಇಟ್ಟ ದೀಪ ಗಾಳಿಗೆ ಬಾಗಿ ಮತ್ತೆ ಎದ್ದು ನಿಂತ ಹಾಗೆ ಅಲ್ಲೇ ಮಿಡಿಯುತ್ತಿತ್ತು. ಕೋಣೆಯ ಗೋಡೆ, ನೆಲದ ಶಹಾಬಾದ್ ಕಲ್ಲು, ಅವನು ನಿಂತ ಜಾಗ ಎಲ್ಲವೂ ಆ ಸ್ವರದಲ್ಲಿ ಪಾಲುದಾರರು. ಇಷ್ಟು ಸುತ್ತಮುತ್ತಲನ್ನು ಕೇಳಿಸಿಕೊಳ್ಳುವ ಎಲೆಕ್ಟ್ರಿಕ್ ವಾದ್ಯ ಬೇರೆ ಇಲ್ಲವೆಂದೇ ನನ್ನ ನಂಬಿಕೆ. ಎಲ್ಲ ಶೈಲಿಗೂ ಇದು ಒಗ್ಗುವುದು ಈ ಕಿವಿಯ ಗುಣದಿಂದ. ಹೆಬ್ಬೆರಳಾದರೆ ಹೆಬ್ಬೆರಳಿನ ಹಾಗೆ, ಪಿಕ್ ಆದರೆ ಪಿಕ್ಕಿನ ಹಾಗೆ ನುಡಿಯುತ್ತದೆ. ತನ್ನದೇ ಒಂದು ದನಿಯನ್ನು ಹಟ ಹಿಡಿದು ಹೇರುವುದಿಲ್ಲ.

ಇದನ್ನು ನಾನು ಮೊದಲು ಅರಿತದ್ದು ಜಾಜ್‌ನಿಂದಲೂ ಅಲ್ಲ, ಬ್ಲೂಸ್‌ನಿಂದಲೂ ಅಲ್ಲ. ಕಾಲೇಜು ದಿನಗಳಲ್ಲಿ ಗೆಳೆಯನೊಬ್ಬ ಕೊಟ್ಟ ಕ್ಯಾಸೆಟ್ಟಿನಿಂದ. 1967ರ 'ಕಾಲ್ ಆಫ್ ದ ವ್ಯಾಲಿ'. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಬಾನ್ಸುರಿ, ಮಾಣಿಕರಾವ್ ಪೋಪಟ್ಕರ್ ಅವರ ತಬಲಾ, ಜೊತೆಗೆ ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರು. ಜೋಧಪುರದ ಕಾಬ್ರಾ ಸರೋದಿನ ಅಲಿ ಅಕ್ಬರ್ ಖಾನರ ಶಿಷ್ಯರು. ಅವರ ತೊಡೆಯ ಮೇಲಿದ್ದದ್ದು ಗಿಬ್ಸನ್ ಸೂಪರ್ 400. 1934ರಲ್ಲಿ ಜಾಜ್ ತಂಡಗಳಿಗೆಂದೇ ಹುಟ್ಟಿದ, ಹದಿನೆಂಟು ಇಂಚು ಅಗಲದ ಟೊಳ್ಳು ಗಿಟಾರು! ಅದಕ್ಕೆ ಪಿಕಪ್ ಕೂರಿಸಿ, ತಂತಿಗಳನ್ನು ಮೆಟ್ಟಿಲಿಗೆ ತಾಗದಷ್ಟು ಎತ್ತರಿಸಿ, ಚಿಕಾರಿ ತಂತಿ ಸೇರಿಸಿ, ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ತುಂಡಿನಿಂದ ಜಾರಿಸಿ ಅವರು ರಾಗ ನುಡಿಸಿದರು.

ಜಾರಿಸುವ ಈ ವಿದ್ಯೆ ಹವಾಯಿ ದ್ವೀಪದ್ದು. 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ಹವಾಯಿಯ ಟೌ ಮೋ ಅಂಥವರಿಂದ ನಮ್ಮಲ್ಲಿ ಬೇರುಬಿಟ್ಟಿತು. ಸಿನಿಮಾ ಹಾಡುಗಳಿಗೆ ಹಬ್ಬಿತು. ಆದರೆ ಕಾಬ್ರಾ ಅವರ ಮೀಂಡ್ ಬೇರೆಯೇ. ಮೆಟ್ಟಿಲಿನ ಗಿಟಾರಿನಲ್ಲಿ ಸ್ವರದಿಂದ ಸ್ವರಕ್ಕೆ ಹತ್ತಬೇಕು, ಇಳಿಯಬೇಕು. ಇಲ್ಲಿ ಗಾಂಧಾರದಿಂದ ಷಡ್ಜಕ್ಕೆ ಬರುವಾಗ ನಡುವೆ ಒಂದು ಕೂದಲೆಳೆಯಷ್ಟು ಜಾಗವೂ ಬಿಟ್ಟುಹೋಗುವುದಿಲ್ಲ. ಉಕ್ಕು ಜಾರುತ್ತದೆ, ಹಲಗೆ ಉಸಿರೆಳೆದುಕೊಳ್ಳುತ್ತದೆ, ಷಡ್ಜ ಬಂದ ಮೇಲೆ ಇನ್ನೂ ಒಂದು ಕ್ಷಣ ಒಳಗಿನ ಗಾಳಿ ಅದನ್ನು ಹಿಡಿದಿರುತ್ತದೆ. ಆ ಕ್ಯಾಸೆಟ್ಟನ್ನು ಎಷ್ಟು ಸಲ ಹಿಂದಕ್ಕೆ ಸುತ್ತಿ ಆ ಒಂದು ಇಳಿತವನ್ನೇ ಕೇಳಿದ್ದೇನೋ, ಲೆಕ್ಕವಿಲ್ಲ. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರು ಹಿಂದೂಸ್ತಾನಿ ಸ್ಲೈಡ್ ಗಿಟಾರಿನಲ್ಲಿ ಇದೇ ಹಾದಿಯನ್ನು ಇಂದಿಗೂ ಬೆಳಗಿಸುತ್ತಿದ್ದಾರೆ.

ಇನ್ನೊಂದು ಹೆಜ್ಜೆ ಮುಂದೆ ಹೋದವರು ಜೈಪುರದ ವಿಶ್ವಮೋಹನ ಭಟ್. ಅವರೂ ಆರಿಸಿಕೊಂಡದ್ದು ಉಬ್ಬಿದೆದೆಯ ಗಿಟಾರನ್ನೇ. ಅದಕ್ಕೆ ತಾವಾಗಿಯೇ ಅನುರಣಿಸುವ ತರಫ್ ತಂತಿಗಳನ್ನು ಸೇರಿಸಿ ಮೋಹನವೀಣೆ ಎಂದು ಕರೆದರು. ಅಮೆರಿಕೆಯ ಗಿಟಾರುವಾದಕ ರೈ ಕೂಡರ್ ಜೊತೆ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದಿತು. ನನಗೆ ಪ್ರಶಸ್ತಿಗಿಂತ ದೊಡ್ಡದೆನಿಸುವುದು ಮೋಹನವೀಣೆಯ ಒಂದು ಸಣ್ಣ ಸಂಗತಿ. ಕತ್ತಿನ ತುದಿಯಲ್ಲಿ, ಹಿಂಬದಿಗೆ, ತಿರುಪಿನಿಂದ ಕೂರಿಸಿದ ಒಂದು ಬುರುಡೆ ಇದೆ. ಸೋರೆಬುರುಡೆ! ಕಲ್ಯಾಣದ ಕಿನ್ನರಿಯ ದಂಡಿಗೆ ಕಟ್ಟಿದ್ದ ಅದೇ ಟೊಳ್ಳು ಬುರುಡೆ, ಕಾಲಮಜೂವಿನ ಮಾದರಿಯ ಗಿಟಾರಿನ ಬೆನ್ನಿಗೆ ಬಂದು ಕೂತಿದೆ. ಅದರ ಚಿತ್ರವನ್ನು ಮೊದಲ ಸಲ ನೋಡಿದಾಗ, ದೂರದೂರಿಗೆ ಮದುವೆಯಾಗಿ ಹೋದ ಮನೆಮಗಳ ಮಕ್ಕಳು ಸೋದರಮಾವನ ಮನೆಗೆ ಬಂದಷ್ಟು ಸಂತೋಷವಾಗಿತ್ತು.

ಮೂರನೆಯ ದಿನ ಗುರುವಾರ. ಸಂಜೆ ನಾವು ಮಾಣಿಕನಗರಕ್ಕೆ ಹೋಗಿ ಬಂದೆವು. 1817ರಲ್ಲಿ ಹುಟ್ಟಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ ಹೀಗೆ ಹಲವು ನುಡಿಗಳಲ್ಲಿ ಪದ ಕಟ್ಟಿದವರು. ಎಲ್ಲ ಮತಗಳೂ ತಮ್ಮವೇ ಎಂದವರು. ಹಾಡು ಪೂಜೆಯ ಅಂಗವಾಗಿರುವ ಜಾಗ ಅದು. ನಮ್ಮ ಊರಿನ ಕಿವಿ ತಯಾರಾದದ್ದೇ ಅಲ್ಲಿ. ಒಂದೇ ಹೊತ್ತಿನಲ್ಲಿ ಮೂರು ಭಾಷೆಯ ಹಾಡು ಕೇಳಿ ಬೆಳೆದವರಿಗೆ, ಒಂದೇ ಗಿಟಾರಿನಲ್ಲಿ ಬ್ಲೂಸೂ ಭೂಪಾಲಿಯೂ ಇರುವುದು ಸೋಜಿಗವಲ್ಲ.

ಮನೆಗೆ ಬಂದು ಊಟವಾದ ಮೇಲೆ ಭಜನೆಗೆ ಕೂತೆವು. ಅವ್ವ ತಾಳ ಹಿಡಿದಳು, ನಾನು ಅಜ್ಜನ ತಂಬೂರಿಯ ಶ್ರುತಿ ಕೂಡಿಸಿದೆ. ಕಾಳಿ ಒಂದು, ಅಂದರೆ ಹಾರ್ಮೋನಿಯಮ್ಮಿನ ಮೊದಲ ಕರಿಮನೆಯ ಶ್ರುತಿ.

"ಕಾಕಾ, ನಾನೂ ಕೂಡ್ಲೇನ್ರಿ?"

"ಕೂಡಪ್ಪ. ಮೊದ್ಲ ಶ್ರುತಿ ಹಚ್ಚು."

ಅವನು ವೈರು ಚುಚ್ಚಲಿಲ್ಲ. ನಾಲ್ಕನೆಯ ತಂತಿಯನ್ನು ಅರ್ಧ ಸ್ವರ ಇಳಿಸಿ ನನ್ನ ಷಡ್ಜಕ್ಕೆ ತಂದ, ಐದನೆಯದನ್ನು ಅಷ್ಟೇ ಇಳಿಸಿ ಮಂದ್ರದ ಪಂಚಮಕ್ಕೆ ಕೂಡಿಸಿದ. ಹಿತ್ತಾಳೆಯ ತಂತಿಯ ಕೆಳಗೆ ನಾನು ಜವಾರಿಯ ನೂಲು ಸರಿಸುತ್ತಿದ್ದಂತೆ ಅವನ ಕಿವಿ ನನ್ನ ಕಡೆ, ಬೆರಳು ಅವನ ಕೀಲಿಯ ಮೇಲೆ. ಎರಡು ಪದ ಹಾಡಿದೆವು. ಅವನು ಜಾಣತನ ತೋರಿಸಲು ಹೋಗದೆ ಆ ಎರಡೇ ತಂತಿಗಳನ್ನು ಹೆಬ್ಬೆರಳಿನಿಂದ ತಡವುತ್ತ ಕೂತ. ಅವ್ವನ ತಾಳ ಎಲ್ಲಿ ನಿಂತರೂ ಅವನ ಹೆಬ್ಬೆರಳೂ ಅಲ್ಲೇ ನಿಲ್ಲುತ್ತಿತ್ತು.

ಹಾಡು ಮುಗಿದು, ಗಿಟಾರನ್ನು ಮೂಲೆಯಲ್ಲಿ ತಂಬೂರಿಯ ಪಕ್ಕಕ್ಕೆ ಒರಗಿಸಿದ. ಎರಡರ ಹೊಟ್ಟೆಗಳೂ ದೀಪದ ಬೆಳಕಿಗೆ ಒಂದೇ ಜೇನಿನ ಬಣ್ಣ. ದೀಪ ಆರಿಸುವ ಮುಂಚೆ ಅವ್ವ ತಂಬೂರಿಯ ಜೋಡಿ ತಂತಿಯನ್ನು ಹೋಗುತ್ತ ಹೋಗುತ್ತ ಒಮ್ಮೆ ಮೀಟಿ, ರೂಢಿಯಂತೆ ಅಂಗೈಯಿಂದ ಮುಚ್ಚಿದಳು. ತಂಬೂರಿ ಸುಮ್ಮನಾಯಿತು. ಆದರೆ ಸದ್ದು ನಿಲ್ಲಲಿಲ್ಲ. ಅವಳು ತನ್ನ ಅಂಗೈಯ ಕಡೆ ನೋಡಿದಳು, ಆಮೇಲೆ ಬಗ್ಗಿ ಗಿಟಾರಿನ ಸೀಳಿಗೆ ಕಿವಿಯಿಟ್ಟಳು. ಯಾರೂ ಮುಟ್ಟದ ನಾಲ್ಕನೆಯ ತಂತಿ ಷಡ್ಜ ಹಿಡಿದಿತ್ತು.